ಮಾಹಿತಿ ಹಕ್ಕಿನ ವಿಚಾರಣೆಗೆ ಜನರು ಏಕೆ ಹೋಗಿ ಕೂರಬೇಕು?

(ಬ್ಲಾಕಿನ ರೈತ ಶಿಬಿರದಲ್ಲಿ ಮಾಡಿದ ಭಾಷಣ)



ಸುಗ್ಗಿಯ ಕೆಲಸವನ್ನು ಬದಿಗಿಟ್ಟು ಇಷ್ಟು ಮಂದಿ ಇಲ್ಲಿ ಸೇರಿದ್ದೀರಿ. ಇಂದು ನಾನು ಗೊಬ್ಬರದ ವಿಷಯವನ್ನಾಗಲಿ ಬಿತ್ತನೆ ಬೀಜದ ವಿಷಯವನ್ನಾಗಲಿ ಹೇಳಲು ನಿಂತಿಲ್ಲ. ಒಂದು ಬೆಂಚಿನ ವಿಷಯ ಹೇಳಬೇಕೆಂದಿದ್ದೇನೆ. ವಿಚಾರಣೆ ನಡೆಯುವ ಕೊಠಡಿಯಲ್ಲಿ ಎಲ್ಲರಿಗಿಂತ ಹಿಂದೆ, ಗೋಡೆಗೆ ಒತ್ತಿ ಹಾಕಿರುವ ಬೆಂಚು. ಅದರ ಮೇಲೆ ಕೂರುವವನು ವಾದಿಯಲ್ಲ, ಪ್ರತಿವಾದಿಯಲ್ಲ, ವಕೀಲನೂ ಅಲ್ಲ. ಸುಮ್ಮನೆ ಕೇಳಲು ಬಂದವನು. ಅವನಿಗೆ ಅಲ್ಲಿ ಏನು ಕೆಲಸ? ಇದೇ ಇಂದಿನ ಮಾತು.

ನಮ್ಮ ಊರುಗಳಿಗೆ ಇದು ತೀರ ಹೊಸದೇನೂ ಅಲ್ಲ. ಅಣ್ಣತಮ್ಮಂದಿರಿಗೆ ಬದುವಿನ ವ್ಯಾಜ್ಯ ಬಂದಾಗ ಹಿರಿಯರು ಅರಳಿಕಟ್ಟೆಯ ಮೇಲೆ ಕೂರುತ್ತಿದ್ದರು. ಸುತ್ತಲೂ ಊರಿನವರು ನಿಲ್ಲುತ್ತಿದ್ದರು. ಗಡಿಕಲ್ಲು ಮೊದಲು ಎಲ್ಲಿತ್ತೆಂದು ಬಲ್ಲ ಮುದುಕನೊಬ್ಬ ಆ ಗುಂಪಿನಲ್ಲಿ ಇದ್ದೇ ಇರುತ್ತಿದ್ದ. ಸುಳ್ಳು ಹೇಳಲು ಹೊರಟವನಿಗೆ ಅವನ ಮುಖ ಕಂಡರೆ ನಾಲಿಗೆ ತಡವರಿಸುತ್ತಿತ್ತು. ತೀರ್ಪು ಹೇಳುವವರೂ ಒಂದು ಕಡೆಗೆ ವಾಲಲು ಹಿಂದೆಮುಂದೆ ನೋಡುತ್ತಿದ್ದರು. ಆದರೆ ಹಳೆಯದನ್ನು ಬರಿದೆ ಹೊಗಳುವುದು ಬೇಡ. ಆ ಕಟ್ಟೆಯ ಹತ್ತಿರ ಹೆಂಗಸರಿಗೆ ಸ್ಥಾನವಿರಲಿಲ್ಲ. ಕೆಲವು ಕೇರಿಗಳವರಿಗೂ ಇರಲಿಲ್ಲ. ಬಾಗಿಲು ಎಲ್ಲರಿಗೂ ತೆರೆದಿರಬೇಕಾದರೆ ಅದು ಹಿರಿಯರ ಮರ್ಜಿಯ ಮೇಲೆ ನಿಲ್ಲಬಾರದು. ಕಾಯಿದೆಯಲ್ಲಿ ಬರೆದಿರಬೇಕು.

ಹಾಗೆ ಬರೆದಿಟ್ಟ ಒಂದು ದೇಶ ಬ್ರಿಟನ್. ಅಲ್ಲಿನ ಸಂಗತಿಯನ್ನು ಮೊದಲು ಹೇಳಿ, ಆಮೇಲೆ ನಮ್ಮ ತಾಲ್ಲೂಕಿಗೆ ಬರುತ್ತೇನೆ.

ಅಲ್ಲಿ ಮಾಹಿತಿ ಸ್ವಾತಂತ್ರ್ಯದ ಕಾಯಿದೆ ಆದದ್ದು ೨೦೦೦ದಲ್ಲಿ. ಅದರ ಪ್ರಕಾರ ಜನರು ಸರ್ಕಾರಿ ಕಾಗದಪತ್ರಗಳನ್ನು ಕೇಳಲು ಆರಂಭಿಸಿದ್ದು ೨೦೦೫ನೆಯ ಇಸವಿ ಜನವರಿ ೧ರಿಂದ. ಕೇಳಿದ ೨೦ ಕೆಲಸದ ದಿನಗಳೊಳಗೆ ಕಚೇರಿಯವರು ಉತ್ತರ ಕೊಡತಕ್ಕದ್ದು. ಕೊಡಲು ಒಪ್ಪದಿದ್ದರೆ ಮೊದಲು ಅದೇ ಕಚೇರಿಗೆ ಇನ್ನೊಮ್ಮೆ ನೋಡಿರೆಂದು ಬರೆಯಬೇಕು. ಅಲ್ಲಿಯೂ ಆಗದಿದ್ದರೆ ಮಾಹಿತಿ ಕಮಿಷನರಿಗೆ ದೂರು. ಕಮಿಷನರ ತೀರ್ಮಾನ ಒಪ್ಪಿಗೆಯಾಗದಿದ್ದರೆ ೨೮ ದಿನಗಳೊಳಗೆ ನ್ಯಾಯಮಂಡಳಿಗೆ ಅಪೀಲು. ಅರ್ಜಿದಾರನೂ ಅಪೀಲು ಹೋಗಬಹುದು, ಕಚೇರಿಯವರೂ ಹೋಗಬಹುದು. ಮೊದಲು ಇದು ಪ್ರತ್ಯೇಕ ಮಂಡಳಿಯಾಗಿತ್ತು. ೨೦೧೦ರ ಜನವರಿಯಿಂದ ಅಲ್ಲಿನ ಮೊದಲ ಹಂತದ ನ್ಯಾಯಮಂಡಳಿಯ ಒಂದು ಶಾಖೆಯಾಗಿದೆ.

ಈ ಮಂಡಳಿ ಹೇಗೆ ಕೆಲಸ ನಡೆಸಬೇಕೆಂಬುದಕ್ಕೆ ೨೦೦೯ರಲ್ಲಿ ನಿಯಮಗಳಾದವು. ಅವುಗಳಲ್ಲಿ ೩೫ನೆಯ ನಿಯಮ ನಮಗೆ ಬೇಕಾದದ್ದು. ವಿಚಾರಣೆಗಳೆಲ್ಲ ಬಹಿರಂಗವಾಗಿ ನಡೆಯತಕ್ಕದ್ದೆಂಬುದು ಅದರ ಮೊದಲ ಮಾತು. ಬಾಗಿಲು ತೆರೆದಿರುವುದು ನಿಯಮ; ಮುಚ್ಚುವುದು ಅಪವಾದ. ಯಾರನ್ನು ಹೊರಗೆ ಕಳಿಸಬಹುದೆಂಬುದನ್ನೂ ಅಲ್ಲಿ ಹೇಳಿದೆ. ಗದ್ದಲ ಮಾಡುವವನನ್ನು ಕಳಿಸಬಹುದು. ಯಾರ ಎದುರಿಗೆ ಸಾಕ್ಷಿ ಬಿಚ್ಚಿ ಮಾತನಾಡಲು ಹೆದರುತ್ತಾನೋ ಅವನನ್ನು ಕಳಿಸಬಹುದು. ಹೊರಗೆ ಬೀಳಬಾರದ ಕಾಗದವನ್ನು ಓದಬೇಕಾದಾಗ ಕಳಿಸಬಹುದು. ಅವನು ಇದ್ದರೆ ವಿಚಾರಣೆಯ ಉದ್ದೇಶವೇ ಕೆಡುವಂತಿದ್ದರೂ ಕಳಿಸಬಹುದು. ಕಾರಣ ಇಂಥದು ಇರಬೇಕು. ‘ನಿನಗೇನು ಕೆಲಸ ಇಲ್ಲಿ?’ ಎಂದು ಕೇಳಿ ಕಳಿಸುವಂತಿಲ್ಲ. ಪತ್ರಿಕೆಯವನಾದರೂ ಅಷ್ಟೆ, ದಾರಿಯಲ್ಲಿ ಹೋಗುವ ಸಾಮಾನ್ಯನಾದರೂ ಅಷ್ಟೆ.

ಇದು ಒಂದೇ ದಿನದಲ್ಲಿ ಹುಟ್ಟಿದ ಬುದ್ಧಿಯಲ್ಲ. ಆ ದೇಶದ ಅತ್ಯುನ್ನತ ನ್ಯಾಯಸ್ಥಾನದಲ್ಲಿ ೧೯೧೩ರಲ್ಲಿ ಒಂದು ಮೊಕದ್ದಮೆ ತೀರ್ಮಾನವಾಯಿತು. ಮದುವೆಯನ್ನು ರದ್ದುಮಾಡಬೇಕೆಂದು ಹೆಂಗಸೊಬ್ಬಳು ಕೇಳಿದ್ದಳು. ಮಾನದ ವಿಷಯವೆಂದು ಕೆಳಗಿನ ಕೋರ್ಟು ಬಾಗಿಲು ಮುಚ್ಚಿ ವಿಚಾರಣೆ ಮಾಡಿತು. ಆಕೆ ಗೆದ್ದಳು. ಗೆದ್ದ ಮೇಲೆ, ತನ್ನ ಮೇಲೆ ಬಂದಿದ್ದ ಅಪವಾದವನ್ನು ಕಳೆದುಕೊಳ್ಳಲು ಆ ವಿಚಾರಣೆಯ ನಕಲನ್ನು ಗಂಡನ ಕಡೆಯವರಿಗೆ ಕಳುಹಿಸಿದಳು. ಇದು ಕೋರ್ಟಿನ ನಿಂದನೆಯೆಂದು ಆಕೆಯ ಮೇಲೆ ತಪ್ಪು ಹೊರಿಸಿದರು. ಮೇಲಿನವರು ಆ ತಪ್ಪನ್ನು ತೆಗೆದುಹಾಕಿದರು. ನಾಚಿಕೆಯ ವಿಷಯವೆಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚಲು ನ್ಯಾಯಾಧೀಶನಿಗೆ ಅಧಿಕಾರವಿಲ್ಲವೆಂದರು. ಆದರೂ ಮುಚ್ಚಬೇಕಾದ ಸಂದರ್ಭಗಳು ಕೆಲವು ಉಂಟೆಂದು ಒಪ್ಪಿದರು. ವ್ಯಾಪಾರದ ಗುಟ್ಟಿನ ಮೊಕದ್ದಮೆ ಅವುಗಳಲ್ಲಿ ಒಂದು. ಗುಟ್ಟನ್ನು ಉಳಿಸಿಕೊಡಿರೆಂದು ಬಂದವನ ಗುಟ್ಟನ್ನು ವಿಚಾರಣೆಯಲ್ಲೇ ಬಯಲು ಮಾಡಿದರೆ ಅವನಿಗೆ ಸಿಕ್ಕ ನ್ಯಾಯವೇನು? ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಹಿಂದಿನ ಬೆಂಚಿನಿಂದ ಏನು ಉಪಯೋಗವಾಯಿತೆಂಬುದಕ್ಕೆ ಒಂದು ಉದಾಹರಣೆ. ಬ್ರಿಟನ್ನಿನ ಪಾರ್ಲಿಮೆಂಟಿನ ಸದಸ್ಯರಿಗೆ ಎರಡನೆಯ ಮನೆ ಇಟ್ಟುಕೊಳ್ಳುವ ಖರ್ಚನ್ನು ಸರ್ಕಾರದ ಬೊಕ್ಕಸದಿಂದ ಕೊಡುತ್ತಿದ್ದರು. ಆ ಲೆಕ್ಕ ತೋರಿಸಿರೆಂದು ಹೆದರ್ ಬ್ರೂಕ್ ಎಂಬ ಪತ್ರಕರ್ತೆಯೂ ಇನ್ನಿಬ್ಬರು ಪತ್ರಕರ್ತರೂ ಕೇಳಿದರು. ಕೇಳಿದ್ದು ೧೪ ಸದಸ್ಯರ ಲೆಕ್ಕವನ್ನು. ಪಾರ್ಲಿಮೆಂಟಿನವರು ಪೂರ್ತಿ ಕೊಡಲು ಒಪ್ಪಲಿಲ್ಲ. ವಿಷಯ ಮಾಹಿತಿ ನ್ಯಾಯಮಂಡಳಿಗೆ ಬಂದು, ೨೦೦೮ರ ಫೆಬ್ರವರಿಯಲ್ಲಿ ಬಹಿರಂಗ ವಿಚಾರಣೆಯಾಯಿತು.

ಆ ಕೊಠಡಿಯಲ್ಲಿ ಪತ್ರಿಕೆಯವರು ಕೂತಿದ್ದರು. ಸದಸ್ಯರ ಬಿಲ್ಲುಗಳನ್ನು ನೋಡಿಕೊಳ್ಳುವ ಅಧಿಕಾರಿ ಸಾಕ್ಷಿ ಹೇಳಲು ನಿಂತರು. ಮೇಜು, ಕುರ್ಚಿ, ಹಾಸಿಗೆಗಳಿಗೆ ಸದಸ್ಯರು ಕೇಳುವ ಹಣ ನ್ಯಾಯವಾದದ್ದೇ ಎಂಬುದನ್ನು ಹೇಗೆ ಪರೀಕ್ಷಿಸುತ್ತೀರಿ ಎಂಬ ಪ್ರಶ್ನೆ ಬಂತು. ಜಾನ್ ಲೂಯಿಸ್ ಎಂಬ ದೊಡ್ಡ ಅಂಗಡಿಯ ಬೆಲೆಗಳನ್ನು ಇಟ್ಟುಕೊಂಡು ಹೋಲಿಸಿ ನೋಡುತ್ತೇವೆಂಬ ಸಂಗತಿ ಆಗ ಹೊರಗೆ ಬಂತು. ಈ ಪಟ್ಟಿಯನ್ನು ಸದಸ್ಯರಿಗೂ ತೋರಿಸುವುದಿಲ್ಲ. ತೋರಿಸಿದರೆ ಎಲ್ಲರೂ ಮೇಲಿನ ಬೆಲೆಯನ್ನೇ ಕೇಳಿಯಾರು ಎಂಬುದು ಕಾರಣ! ಮರುದಿನ ದೇಶಕ್ಕೆಲ್ಲ ಈ ಸುದ್ದಿ ಗೊತ್ತಾಯಿತು. ಮುಂದಿನ ತಿಂಗಳೇ ಆ ಪಟ್ಟಿಯನ್ನೂ ಹೊರಗೆ ಕೊಡಬೇಕಾಯಿತು.

ಗಮನಿಸಿ. ಈ ಪಟ್ಟಿಯನ್ನು ಮೂಲ ಅರ್ಜಿಯಲ್ಲಿ ಯಾರೂ ಕೇಳಿರಲಿಲ್ಲ. ಇಂಥದೊಂದು ಇದೆಯೆಂದು ಜನರಿಗೆ ತಿಳಿದೂ ಇರಲಿಲ್ಲ. ಅದು ತಿಳಿದದ್ದು ವಿಚಾರಣೆಯ ಮಾತಿನಲ್ಲಿ. ಬಾಗಿಲು ಮುಚ್ಚಿದ್ದರೆ ಆ ಮಾತು ನಾಲ್ಕು ಗೋಡೆಗಳ ಒಳಗೇ ಉಳಿಯುತ್ತಿತ್ತು. ಮಂಡಳಿ ಲೆಕ್ಕವನ್ನು ಕೊಡಬೇಕೆಂದು ಹೇಳಿತು. ಮೇ ೧೬ರಂದು ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ೨೦೦೯ರಲ್ಲಿ ಪತ್ರಿಕೆಯೊಂದು ಎಲ್ಲ ಸದಸ್ಯರ ಲೆಕ್ಕವನ್ನೂ ಬಯಲಿಗಿಟ್ಟಿತು. ಸಭಾಧ್ಯಕ್ಷರು ಪದವಿ ಬಿಟ್ಟರು. ಸುಳ್ಳು ಲೆಕ್ಕ ಕೊಟ್ಟ ಕೆಲವರು ಸೆರೆಮನೆಗೂ ಹೋದರು.

ಹಾಗಾದರೆ ಬಾಗಿಲನ್ನು ಎಂದೂ ಮುಚ್ಚಲೇಬಾರದೆ? ಇಲ್ಲಿ ನಿಜವಾದ ತೊಡಕೊಂದು ಉಂಟು. ಮಾಹಿತಿ ಹಕ್ಕಿನ ಮೊಕದ್ದಮೆ ಬೇರೆ ಮೊಕದ್ದಮೆಗಳಂತಲ್ಲ. ಇಲ್ಲಿ ಜಗಳವಿರುವುದೇ ಒಂದು ಕಾಗದವನ್ನು ತೋರಿಸಬೇಕೋ ಬೇಡವೋ ಎಂಬುದರ ಮೇಲೆ. ಅದನ್ನು ಎಲ್ಲರೆದುರು ಓದಿ ಆಮೇಲೆ ‘ತೋರಿಸಬಾರದು’ ಎಂದು ತೀರ್ಪು ಕೊಟ್ಟರೆ ಏನು ಫಲ? ಮೊಟ್ಟೆಯೊಳಗೆ ಮರಿ ಇದೆಯೇ ಎಂದು ನೋಡಲು ಮೊಟ್ಟೆಯನ್ನೇ ಒಡೆದಂತೆ. ಆದುದರಿಂದ ಆ ಕಾಗದದ ಒಳಗಿನ ಮಾತನ್ನು ಚರ್ಚಿಸುವ ಹೊತ್ತಿಗೆ ಮಂಡಳಿ ಬಾಗಿಲು ಮುಚ್ಚುತ್ತದೆ. ಆಗ ಬೆಂಚಿನ ಮೇಲಿದ್ದವರು ಏಳಬೇಕು. ಅರ್ಜಿ ಹಾಕಿದವನೂ ಎದ್ದು ಹೊರಗೆ ಹೋಗಬೇಕು. ಕಮಿಷನರ ಕಡೆಯವರೂ ಕಾಗದವಿರುವ ಕಚೇರಿಯವರೂ ಮಾತ್ರ ಒಳಗಿರುತ್ತಾರೆ.

ಅರ್ಜಿದಾರನ ವಕೀಲನಾದರೂ ಒಳಗೆ ಇರಬಾರದೆ ಎಂಬ ಪ್ರಶ್ನೆ ಒಬ್ಬ ಪತ್ರಕರ್ತನ ಮೊಕದ್ದಮೆಯಲ್ಲಿ ಎದ್ದಿತು. ವಕೀಲನನ್ನೂ ಹೊರಗಿಡುವ ಅಧಿಕಾರ ಮಂಡಳಿಗೆ ಉಂಟೆಂದು ೨೦೧೪ರಲ್ಲಿ ಅಲ್ಲಿನ ಅಪೀಲು ಕೋರ್ಟು ಹೇಳಿತು. ತನ್ನ ಮೊಕದ್ದಮೆಯಲ್ಲಿ ತಾನೇ ಹೊರಗೆ ನಿಲ್ಲುವುದು ಯಾರಿಗೂ ಸುಲಭವಲ್ಲ. ಆದುದರಿಂದ ಮುಚ್ಚಿದ ಬಾಗಿಲಿಗೂ ಕಟ್ಟುಪಾಡು ಬೇಕು. ಎಷ್ಟು ಅಗತ್ಯವೋ ಅಷ್ಟೇ ಹೊತ್ತು ಮುಚ್ಚಬೇಕು. ಮತ್ತೆ ತೆರೆದ ಮೇಲೆ, ಒಳಗೆ ಏನು ನಡೆಯಿತೆಂಬುದರ ಸಾರಾಂಶವನ್ನು ಗುಟ್ಟು ಬಿಡದೆ ಹೇಳಬಹುದಾದಷ್ಟು ಹೇಳಬೇಕು. ಬೆಂಚಿನ ಮೇಲೆ ಜನರಿದ್ದರೆ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚಿತು, ಎಷ್ಟು ಹೊತ್ತಿಗೆ ತೆರೆಯಿತು, ಏನು ಕಾರಣ ಕೊಟ್ಟರು ಎಂಬುದಕ್ಕೆ ಸಾಕ್ಷಿ ಇರುತ್ತದೆ. ಹೊರಗೆ ಕಾದು ನಿಂತವನೂ ಒಂದು ಕಾವಲೇ.

ರೈತರಿಗೆ ಹತ್ತಿರವಾದ ಇನ್ನೊಂದು ಸಂಗತಿ. ೨೦೨೨ರಲ್ಲಿ ದೊರೆಯಾದ ಚಾರ್ಲ್ಸ್ ಅವರು ಯುವರಾಜರಾಗಿದ್ದಾಗ ಮಂತ್ರಿಗಳಿಗೆ ಕಾಗದ ಬರೆಯುತ್ತಿದ್ದರು. ಅವನ್ನು ತೋರಿಸಿರೆಂದು ರಾಬ್ ಇವಾನ್ಸ್ ಎಂಬ ಪತ್ರಕರ್ತ ೨೦೦೫ರ ಏಪ್ರಿಲಿನಲ್ಲಿ ಕೇಳಿದ. ಕಮಿಷನರು ಒಪ್ಪಲಿಲ್ಲ. ಮೇಲಿನ ನ್ಯಾಯಮಂಡಳಿ ವಿಚಾರಣೆಯನ್ನು ಕೆಲವು ಭಾಗ ಬಹಿರಂಗವಾಗಿ, ಕೆಲವು ಭಾಗ ಬಾಗಿಲು ಮುಚ್ಚಿ ನಡೆಸಿ, ೨೦೧೨ರ ಸೆಪ್ಟೆಂಬರಿನಲ್ಲಿ ಕಾಗದಗಳನ್ನು ಕೊಡಬೇಕೆಂದಿತು. ಮುಂದಿನ ತಿಂಗಳೇ ಸರ್ಕಾರದ ಅಟಾರ್ನಿ ಜನರಲ್ ತಮ್ಮ ಅಧಿಕಾರದಿಂದ ಅದನ್ನು ತಡೆದರು. ೨೦೧೫ರ ಮಾರ್ಚಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ತಡೆ ಸಲ್ಲದೆಂದಿತು. ಮೇ ತಿಂಗಳಲ್ಲಿ ೨೭ ಪತ್ರಗಳು ಹೊರಬಂದವು. ಬಂದ ಪತ್ರಗಳಲ್ಲಿ ಏನಿತ್ತು? ದನಗಳಿಗೆ ಬರುವ ಕ್ಷಯರೋಗ, ಅದನ್ನು ಹರಡುವುದೆನ್ನುವ ಬ್ಯಾಜರ್ ಎಂಬ ಕಾಡುಪ್ರಾಣಿ, ಹಾಲು ಉತ್ಪಾದಕರ ಸಹಕಾರ ಸಂಘಗಳ ಕಷ್ಟ, ಇಂಥವೂ ಇದ್ದವು. ರೈತರ ವಿಷಯದಲ್ಲಿ ಮಂತ್ರಿಗಳಿಗೆ ಯಾರು ಏನು ಬರೆದರೆಂಬುದನ್ನು ಆ ದೇಶದ ರೈತರು ತಿಳಿಯಲು ಹತ್ತು ವರ್ಷ ಬೇಕಾಯಿತು. ಮೊಕದ್ದಮೆ ಇನ್ನೂ ನಡೆಯುತ್ತಿರುವಾಗಲೇ, ೨೦೧೦ರಲ್ಲಿ, ಕಾಯಿದೆಯನ್ನು ತಿದ್ದಿ ಪಟ್ಟದ ಯುವರಾಜರ ಇಂಥ ಪತ್ರಗಳನ್ನು ಮುಂದೆ ಕೇಳಲಾಗದಂತೆ ಮಾಡಿದ್ದರು. ತೆರೆದ ಬಾಗಿಲು ತಾನಾಗಿಯೇ ತೆರೆದಿರುವುದಿಲ್ಲ.

ಇನ್ನೂ ಎರಡು ಮಾತು. ಅಲ್ಲಿ ಎರಡೂ ಕಡೆಯವರು ಒಪ್ಪಿದರೆ, ಯಾರೂ ಬಾರದೆ ಕಾಗದಗಳ ಮೇಲೆಯೇ ತೀರ್ಪು ಕೊಡಬಹುದು. ಅದು ಹಗುರ, ಪ್ರಯಾಣದ ಖರ್ಚಿಲ್ಲ. ಆದರೆ ಆ ಮೊಕದ್ದಮೆಯಲ್ಲಿ ಬೆಂಚೇ ಇರುವುದಿಲ್ಲ. ತೀರ್ಪು ಮಾತ್ರ ಕಾಣುತ್ತದೆ, ಪ್ರಶ್ನೆ ಉತ್ತರಗಳು ಕಾಣುವುದಿಲ್ಲ. ಎರಡನೆಯದು, ೨೦೨೦ರ ಕೊರೋನಾ ರೋಗದ ಕಾಲದಿಂದ ವಿಚಾರಣೆಗಳು ವೀಡಿಯೋ ಮೂಲಕವೂ ನಡೆಯತೊಡಗಿವೆ. ದೂರದಿಂದ ನೋಡಲು ಜನರಿಗೆ ಅವಕಾಶ ಕೊಡುವ ಕಾಯಿದೆ ೨೦೨೨ರಲ್ಲಿ ಆಯಿತು. ನೋಡಬೇಕೆನ್ನುವವನು ಮೊದಲೇ ಕೇಳಿಕೊಳ್ಳಬೇಕು. ಅಪ್ಪಣೆಯಿಲ್ಲದೆ ಚಿತ್ರವನ್ನಾಗಲಿ ಧ್ವನಿಯನ್ನಾಗಲಿ ಹಿಡಿದಿಟ್ಟರೆ ಅಪರಾಧ.

ಈಗ ನಮ್ಮ ದೇಶಕ್ಕೆ ಬರೋಣ. ಬ್ರಿಟನ್ನಿನಲ್ಲಿ ಮೊದಲು ಕಾಯಿದೆ ಬಂತು, ಆಮೇಲೆ ವಿಚಾರಣೆ. ನಮ್ಮಲ್ಲಿ ಮೊದಲು ಜನರೇ ವಿಚಾರಣೆ ನಡೆಸಿದರು, ಆಮೇಲೆ ಕಾಯಿದೆ ಬಂತು. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಕೂಲಿಕಾರರ, ರೈತರ ಸಂಘ ೧೯೯೪ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಜನರ ಅಹವಾಲು ಸಭೆ ನಡೆಸಿತು. ಕಾಮಗಾರಿಗಳ ಲೆಕ್ಕವನ್ನು, ಕೂಲಿಯ ಹಾಜರಿ ಪಟ್ಟಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಪಟ್ಟಿಯಲ್ಲಿದ್ದ ಕೂಲಿ ತನಗೆ ಬಂದಿದೆಯೇ ಇಲ್ಲವೇ ಎಂಬುದನ್ನು ಕೂಲಿಕಾರನೇ ಎದ್ದು ನಿಂತು ಹೇಳಿದ. ಅಕ್ಷರ ಬಾರದವನೂ ಅಲ್ಲಿ ಸಾಕ್ಷಿಯಾದ. ೧೯೯೬ರಲ್ಲಿ ಬ್ಯಾವರ್ ಪಟ್ಟಣದಲ್ಲಿ ೪೦ ದಿನ ಧರಣಿ ಕೂತರು. ನಮ್ಮ ಕರ್ನಾಟಕವೂ ೨೦೦೦ದಲ್ಲಿ ತನ್ನದೇ ಮಾಹಿತಿ ಹಕ್ಕಿನ ಕಾಯಿದೆ ಮಾಡಿತು. ೨೦೦೫ರಲ್ಲಿ ಕೇಂದ್ರದ ಕಾಯಿದೆಯಾಗಿ, ಅಕ್ಟೋಬರ್ ೧೨ರಿಂದ ಪೂರ್ತಿಯಾಗಿ ಜಾರಿಗೆ ಬಂತು.

ಅದರ ಮೆಟ್ಟಿಲುಗಳನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಕೇಳಿದ ೩೦ ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ೩೦ ದಿನಗಳೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲನೆಯ ಮೇಲ್ಮನವಿ. ಅಲ್ಲಿಯೂ ನ್ಯಾಯ ಸಿಗದಿದ್ದರೆ ೯೦ ದಿನಗಳೊಳಗೆ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಕೊಡದಿದ್ದುದು ಸರಿಯೆಂದು ತೋರಿಸುವ ಹೊಣೆ ಅಧಿಕಾರಿಯದು, ನಿಮ್ಮದಲ್ಲ. ತಕ್ಕ ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ ೨೫೦ ರೂಪಾಯಿಯಂತೆ ೨೫,೦೦೦ ರೂಪಾಯಿಯವರೆಗೆ ದಂಡ ಹಾಕಬಹುದು. ರಾಜ್ಯದ ಆಯೋಗಗಳೆಲ್ಲ ವಿಚಾರಣೆಗೆ ಖುದ್ದಾಗಿ ಬರುವ ದಾರಿಯ ಜೊತೆಗೆ ವೀಡಿಯೋ ದಾರಿಯನ್ನೂ ಇಡಬೇಕೆಂದು ೨೦೨೩ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ಬೆಂಗಳೂರಿಗೆ ಹೋಗಿಬರುವ ಬಸ್ಸಿನ ಖರ್ಚಿಗೆ ಹೆದರಿ ಯಾರೂ ಮೇಲ್ಮನವಿ ಬಿಡಬೇಕಾಗಿಲ್ಲ. ಆದರೆ ವಿಚಾರಣೆ ಬಹಿರಂಗವಾಗಿರತಕ್ಕದ್ದೆಂದು ಬ್ರಿಟನ್ನಿನ ೩೫ನೆಯ ನಿಯಮ ಹೇಳಿದಷ್ಟು ಬಿಚ್ಚಿ ನಮ್ಮ ೨೦೦೫ರ ಕಾಯಿದೆ ಹೇಳಿಲ್ಲ. ನಮ್ಮ ಕೋರ್ಟುಗಳ ವಿಷಯದಲ್ಲಿ, ತೆರೆದ ವಿಚಾರಣೆಯೇ ನಿಯಮವೆಂದು ಸುಪ್ರೀಂ ಕೋರ್ಟು ೧೯೬೬ರಷ್ಟು ಹಿಂದೆಯೇ ಹೇಳಿದೆ. ಮಾಹಿತಿ ವಿಚಾರಣೆಯಲ್ಲಿ ಆ ರೂಢಿಯನ್ನು ಊರ್ಜಿತಗೊಳಿಸುವುದು ಬಹುಮಟ್ಟಿಗೆ ಹೋಗಿ ಕೂರುವವರ ಕೈಯಲ್ಲಿದೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಮ್ಮೂರ ಕೆರೆಯ ಹೂಳು ತೆಗೆಸಿದ ಬಿಲ್ಲನ್ನು ಕೇಳಿ ಅರ್ಜಿ ಹಾಕಿದ್ದೆ. ಉತ್ತರ ಬರಲಿಲ್ಲ; ಮೊದಲನೆಯ ಮೇಲ್ಮನವಿಗೆ ಒಬ್ಬನೇ ಹೋದೆ. ಐದು ನಿಮಿಷದಲ್ಲಿ ಮುಗಿಯಿತು. ‘ಫೈಲು ಸಿಕ್ಕಿಲ್ಲ, ಇನ್ನೊಂದು ದಿನ ಬನ್ನಿ’ ಎಂದರು. ಹೊರಗೆ ಬಂದ ಮೇಲೆ, ಅಲ್ಲಿ ಏನು ನಡೆಯಿತೆಂಬುದಕ್ಕೆ ನನ್ನ ಮಾತು ಬಿಟ್ಟರೆ ಬೇರೆ ಗುರುತೇ ಇರಲಿಲ್ಲ. ಊರಿನಲ್ಲಿ ಹೇಳಿದರೆ ಕೆಲವರು ನಂಬಿದರು, ಕೆಲವರು ನಾನೇ ರಾಜಿಯಾಗಿ ಬಂದೆನೆಂದು ಆಡಿಕೊಂಡರು. ಎರಡನೆಯ ಸಲ ಕೆರೆಯ ಅಚ್ಚುಕಟ್ಟಿನ ನಾಲ್ವರನ್ನು ಕರೆದುಕೊಂಡು ಹೋದೆ. ಅವರಲ್ಲಿ ಒಬ್ಬಾಕೆ ಗದ್ದೆಯನ್ನು ತಾನೇ ನೋಡಿಕೊಳ್ಳುವ ವಿಧವೆ. ‘ಇವರು ಕೂತು ಕೇಳಬಹುದೆ?’ ಎಂದು ಅಧಿಕಾರಿಯನ್ನು ಕೇಳಿದೆ. ಅವರು ಒಂದು ಗಳಿಗೆ ನೋಡಿ ‘ಕೂರಲಿ’ ಎಂದರು. ಆ ದಿನ ಫೈಲು ಬಂದಿತ್ತು. ಇವರು ಬಂದದ್ದರಿಂದಲೇ ಬಂತೆಂದು ನಾನು ಹೇಳಲಾರೆ. ಅದು ಆ ಅಧಿಕಾರಿಗೆ ಅನ್ಯಾಯವಾದೀತು. ಆದರೆ ಆ ಹೆಂಗಸು, ‘ಸ್ವಾಮಿ, ಆ ತೂಬಿನ ಕಡೆ ಹಾರೆ ಸಹ ಬಿದ್ದಿಲ್ಲ’ ಎಂದು ಹೊರಗೆ ಬಂದ ಮೇಲೆ ನನಗೆ ಹೇಳಿದಳು. ಬಿಲ್ಲಿನಲ್ಲಿ ತೂಬಿನ ಕಡೆಯ ಕೆಲಸಕ್ಕೆ ಹಣ ಬರೆದಿತ್ತು. ನಾನು ಆ ಬಿಲ್ಲನ್ನು ಹತ್ತು ಸಲ ಓದಿದ್ದರೂ ನನಗೆ ಅದು ಹೊಳೆಯುತ್ತಿರಲಿಲ್ಲ. ಅರಳಿಕಟ್ಟೆಯ ಮುದುಕನ ಕೆಲಸವನ್ನು ಆಕೆ ಮಾಡಿದಳು.

ಹೋಗಿ ಕೂರುವವರಿಗೆ ಕೆಲವು ಸೂಚನೆಗಳು. ದಿನ, ವೇಳೆ, ಸ್ಥಳವನ್ನು ಅರ್ಜಿದಾರನ ನೋಟೀಸಿನಿಂದ ಮೊದಲೇ ತಿಳಿದುಕೊಳ್ಳಿ. ವಿಚಾರಣೆ ಶುರುವಾಗುವ ಮುನ್ನ ಅಪ್ಪಣೆ ಕೇಳಿ. ಮೊಬೈಲನ್ನು ಆರಿಸಿಡಿ, ಅಪ್ಪಣೆಯಿಲ್ಲದೆ ಚಿತ್ರ ತೆಗೆಯಬೇಡಿ. ನಡುವೆ ಬಾಯಿ ಹಾಕಬೇಡಿ. ನಿಮಗೆ ತಿಳಿದದ್ದನ್ನು ಆಮೇಲೆ ಅರ್ಜಿದಾರನಿಗೆ ಹೇಳಿ. ಒಂದು ಪುಸ್ತಕದಲ್ಲಿ ದಿನಾಂಕ, ಯಾರು ಬಂದಿದ್ದರು, ಏನು ಕೇಳಿದರು, ಏನು ಹೇಳಿದರು, ಮುಂದಿನ ದಿನ ಯಾವುದು ಎಂಬುದನ್ನು ಬರೆದುಕೊಳ್ಳಿ. ಹೊರಗೆ ಹೋಗಿ ಎಂದರೆ ಜಗಳವಾಡಬೇಡಿ. ಕಾರಣ ಏನೆಂದು ವಿನಯದಿಂದ ಕೇಳಿ, ಹೇಳಿದ್ದನ್ನೂ ಬರೆದುಕೊಳ್ಳಿ. ಒಬ್ಬರ ರೋಗದ ವಿಷಯ, ಮನೆಯ ಮಾನದ ವಿಷಯ ಬಂದರೆ ನೀವೇ ಎದ್ದು ಬನ್ನಿ. ನೆರೆಯವರ ದುಃಖ ನೋಡುವ ನಾಟಕವಲ್ಲ. ತಾಲ್ಲೂಕಿನ ಪತ್ರಿಕೆಯ ವರದಿಗಾರನಿಗೆ ಎರಡು ದಿನ ಮೊದಲೇ ತಿಳಿಸಿ. ಅವನು ಬಂದರೆ ಎರಡೂ ಕಡೆಯ ಮಾತನ್ನು ಬರೆಯಲಿ. ನಿಮ್ಮ ಕಡೆಯದನ್ನು ಮಾತ್ರ ಬರೆ ಎಂದು ಒತ್ತಾಯಿಸಬೇಡಿ. ಅವನು ಬಾರದಿದ್ದರೆ, ನೀವು ಬರೆದುಕೊಂಡದ್ದನ್ನು ಗ್ರಾಮಸಭೆಯಲ್ಲಿ ಓದಿ.

ಬಂಧುಗಳೇ, ಹೊಲಕ್ಕೆ ನೀರು ಬಿಟ್ಟವನು ಮನೆಗೆ ಹೋಗಿ ಮಲಗುವುದಿಲ್ಲ. ಬದುವಿನ ಮೇಲೆ ಕೂತು ನೀರು ಕೊನೆಯ ಪಾತಿಯವರೆಗೆ ಹೋಯಿತೇ ಎಂದು ನೋಡುತ್ತಾನೆ. ಅರ್ಜಿ ಹಾಕುವುದು ನೀರು ಬಿಟ್ಟಂತೆ. ವಿಚಾರಣೆಯ ದಿನ ಹೋಗಿ ಕೂರುವುದು ಬದುವಿನ ಮೇಲೆ ಕೂತಂತೆ. ಮುಂದಿನ ಸಲ ನಿಮ್ಮ ಊರಿನಲ್ಲಿ ಯಾರಿಗಾದರೂ ಇಂಥ ನೋಟೀಸು ಬಂದರೆ, ಅವರನ್ನು ಒಬ್ಬರನ್ನೇ ಕಳಿಸಬೇಡಿ. ಕನಿಷ್ಠ ಇಬ್ಬರು ಜೊತೆಗೆ ಹೋಗಿ. ಅರ್ಧ ದಿನದ ಕೆಲಸ ಕೆಟ್ಟೀತು, ನಿಜ. ಆದರೆ ಊರಿನ ಲೆಕ್ಕ ಕೆಡದೆ ಉಳಿದೀತು.